ನಾಲ್ಕು ಗಾಲಿ, ಎರಡು ಎತ್ತು

ಹಳೇ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಗಾಲಿ ಎಳೆಯುವ ಪಿಕಪ್ ತಗೋಬೇಕು ಅಂತ ನನಗೂ ನಮ್ಮ ಭಾವನಿಗೂ ಒಟ್ಟಿಗೇ ಹುಚ್ಚು ಹಿಡಿಯಿತು. ದಾವಣಗೆರೆಯ ಬೆಣ್ಣೆದೋಸೆ ಹೋಟೆಲ್ಲೊಂದರ ಮೂಲೆ ಟೇಬಲ್ಲೇ ನಮ್ಮ ಆಫೀಸು. ಎರಡು ತಿಂಗಳು ಅಲ್ಲಿ ಕೂತು ಮಹೀಂದ್ರಾ ಗೆಟವೇ ಮೇಲೋ, ಟಾಟಾ ಝೆನಾನ್ ಮೇಲೋ ಅಂತ ಚರ್ಚಿಸಿದೆವು. ಇಸುಜು ವಿ-ಕ್ರಾಸ್ ಹೆಸರು ಒಮ್ಮೆ ಬಂತು. ರೇಟು ಕೇಳಿ ದೋಸೆ ಕಡೆ ತಿರುಗಿದೆವು.

ಕಷ್ಟ ಏನಂದ್ರೆ, ಇವೆರಡೂ ಅವಳಿ ಜವಳಿ. ಎರಡಕ್ಕೂ ನಾಲ್ಕು ಬಾಗಿಲು, ಹಿಂದೆ ತೊಟ್ಟಿ, ಡೀಸೆಲ್. ಎಂಹಾಕ್ ಎಂಜಿನ್ನಿನ ಗೆಟವೇ 2179 ಸಿಸಿ. 2.2 ಡೈಕಾರ್ ಎಂಜಿನ್ನಿನ ಝೆನಾನೂ 2179 ಸಿಸಿ! ಒಂದು ಸಿಸಿ ಹೆಚ್ಚುಕಡಿಮೆ ಇದ್ದಿದ್ದರೂ ಜಗಳಕ್ಕೆ ದಾರಿ ಸಿಗುತ್ತಿತ್ತು. ಝೆನಾನ್‌ಗೆ 140 ಕುದುರೆ ಬಲ, ಗೆಟವೇಗೆ 120 ಅಂತ ಭಾವ ಕಂಡುಹಿಡಿದ. ಆ 20 ಕುದುರೆ ಮೇಲೆ ಒಂದು ವಾರ ಕಳೆಯಿತು.

ಕೊನೆಗೆ ಯಾವುದು ತಂದೆವು ಅಂತ ಹೇಳಲ್ಲ. ಇನ್ನೊಂದು ಗಾಡಿಯವರು ಸುಮ್ನೆ ಕುಣಿತಾರೆ.

ಡ್ಯಾಶ್‌ಬೋರ್ಡಿನಲ್ಲಿ ಗುಂಡನೆಯ ನಾಬ್. 2ಎಚ್ ಅಂದ್ರೆ ಹಿಂದಿನ ಎರಡೇ ಗಾಲಿ ಎಳೀತವೆ, 4ಎಚ್ ಅಂದ್ರೆ ನಾಲ್ಕೂ, 4ಎಲ್ ಅಂದ್ರೆ ನಾಲ್ಕೂ ನಿಧಾನಕ್ಕೆ, ಆದರೆ ಜೋರಾಗಿ. ನಾಲ್ಕು ಗಾಲಿಗೂ ದುಡ್ಡು ಕೊಟ್ಟಿದ್ದೀವಿ, ಎರಡನ್ನೇ ಯಾಕೆ ತಿರುಗಿಸಬೇಕು? 4ಎಚ್‌ಗೆ ಹಾಕಿ ಪಿ.ಬಿ. ರೋಡಲ್ಲಿ ನಾಲ್ಕು ದಿನ ಮೆರೆದೆ. ತಿರುವಿನಲ್ಲಿ ಸ್ಟೇರಿಂಗು ಹಟ ಮಾಡುತ್ತಿತ್ತು. ಹೋಟೆಲ್ ಮುಂದೆ ರಿವರ್ಸ್ ತಗೊಂಡರೆ ಗಾಡಿ ಗಕ್ಕನೆ ಜಗ್ಗುತ್ತಿತ್ತು.

ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನಾಬ್ ನೋಡಿದ. "ಏನ್ ಸಾರ್, ಡಾಂಬರ್ ರೋಡಾಗೆ ಇದನ್ನ ಹಾಕ್ಕೊಂಡು ಓಡಾಡ್ತೀರಾ? ತಿರುವಿನಾಗೆ ಮುಂದಿನ ಗಾಲಿ ಜಾಸ್ತಿ ದೂರ ಹೋಗ್ಬೇಕು, ಹಿಂದಿಂದು ಕಮ್ಮಿ. ನೀವು ಎರಡನ್ನೂ ಕಟ್ಟಿಹಾಕೀರಿ. ಮಣ್ಣಾಗಾದ್ರೆ ಗಾಲಿ ಜಾರಿ ಸರಿಹೋಗ್ತೈತೆ, ಡಾಂಬರ್‌ನಾಗೆ ಎಲ್ಲಿ ಜಾರ್ತೈತೆ?" ಸ್ಕೂಲಿನ ಮೂರು ಕಾಲಿನ ಓಟ ನೆನಪಾಯಿತು. ಅದರಲ್ಲೂ ನಾನು ಬಿದ್ದವನೇ.

ಅವತ್ತಿಂದ ಆ ನಾಬ್ ಮುಟ್ಟಲಿಲ್ಲ. ಮಳೆ ಬಂದ ಮಾರನೇ ದಿನ ಎರೆ ಹೊಲಕ್ಕೆ ಇಳಿಸಿದಾಗಲೂ ಮುಟ್ಟಲಿಲ್ಲ. ಎರೆಮಣ್ಣು ಗೊತ್ತಲ್ಲ, ಚಪ್ಪಲಿಗೆ ಹತ್ತಿದರೇ ಕಾಲು ಮೇಲೇಳಲ್ಲ. ಟೈರಿನ ಗೀರೆಲ್ಲ ಮುಚ್ಚಿ, ಗಾಲಿ ಕರೀ ಮುದ್ದೆ ಆಯಿತು. "ಫೋರ್ ಹಾಕೋ ಮಾರಾಯ!" ಅಂತ ಭಾವ ಕೂಗಿದ. ಹಾಕುವಷ್ಟರಲ್ಲಿ ಆಕ್ಸಲ್ಲೇ ಮಣ್ಣಿಗೆ ಕೂತಿತ್ತು. ನಾಲ್ಕೂ ಗಾಲಿ ಚೆನ್ನಾಗಿಯೇ ತಿರುಗಿದವು. ಇದ್ದಲ್ಲೇ.

ಪಕ್ಕದ ಹೊಲದ ಅಜ್ಜ ಎತ್ತು ಹೊಡ್ಕೊಂಡು ಬಂದ. ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ತಮ್ಮಾ, ಇದರವು ನಾಕೂ ಗಾಲಿ ಎಳೀತಾವೆ ಅಂದಿದ್ಯಲ್ಲ?"

ನಾನು ಚಪ್ಪಲಿಯ ಮಣ್ಣು ಕೆರೆಯುತ್ತಾ ನಿಂತೆ. ಅರ್ಧ ಗಂಟೆ ಗುದ್ದಲಿ ಕೆಲಸ, ಒಂದು ಮಿಣಿ ಹಗ್ಗ, ಅಜ್ಜನ "ಹೋ... ಬಾ ಬಾ". ಗಾಡಿ ಪಚಕ್ಕಂತ ಮೇಲೆ ಬಂತು.

ಭಾವ ಎತ್ತುಗಳ ಸುತ್ತ ಎರಡು ಸುತ್ತು ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ, "ಅಜ್ಜಾರೆ, ಈ ಎರಡರಾಗೆ ಯಾವುದು ಚೆನ್ನಾಗಿ ಎಳೀತೈತೆ?"