ಸುಂಕದವನ ಮುಂದೆ ಸೊಂಟನೋವು

ಆಟಿ ತಿಂಗಳ ಮಳೆಯಲ್ಲಿ ಹೆದ್ದಾರಿಯ ಗುಂಡಿ ಎಷ್ಟು ಆಳ ಎಂದು ತಿಳಿಯುವುದು ಬಸ್ಸು ಅದರೊಳಗೆ ಇಳಿದ ಮೇಲೆಯೇ. ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನ ಸೋದರಮಾವ ಕುಳಿತಿದ್ದರು. ಬಸ್ಸು ಹಾರಿತು, ಮಾವನೂ ಹಾರಿದರು. ಬಸ್ಸು ಇಳಿಯಿತು, ಮಾವನೂ ಇಳಿದರು. ಅವರ ಬೆನ್ನುಮೂಳೆಯ ಒಂದು ಬಿಲ್ಲೆ ಮಾತ್ರ ಹೊರಟ ಜಾಗಕ್ಕೆ ಮರಳಿ ಬರಲಿಲ್ಲ.

ಮಾವ ತಾಳಮದ್ದಳೆಯ ಅರ್ಥಧಾರಿ. ನಲವತ್ತು ಮಳೆಗಾಲ ಕೃಷ್ಣನ ಪರವಾಗಿಯೂ ಕೌರವನ ಪರವಾಗಿಯೂ ವಾದಿಸಿದವರು. ಯಾವ ಪಕ್ಷ ಕೊಟ್ಟರೂ ಎದುರಾಳಿಯನ್ನು ಚಹಾದ ಹೊತ್ತಿನ ತನಕ ಬಿಡದವರು. ಕುಳಿತಲ್ಲೇ ನಾಲ್ಕು ಗಂಟೆ ಅರ್ಥ ಹೇಳುತ್ತಿದ್ದ ಮನುಷ್ಯನಿಗೆ ಈಗ ನಾಲ್ಕು ನಿಮಿಷ ಕೂರಲಾಗದು. ವೈದ್ಯರು ಮುಟ್ಟಿ ನೋಡಿ, ಕಾಲೆತ್ತಿಸಿ ನೋಡಿ, ಎಂ.ಆರ್.ಐ. ಬರೆದುಕೊಟ್ಟರು.

ಮಂಗಳೂರಿನಲ್ಲಿ ಎಂ.ಆರ್.ಐ.ಗೆ ಬರವೇ ಎಂದು ನೀವು ಕೇಳಬಹುದು. ಬೀದಿಗೊಂದು ಬಾರ್, ವೃತ್ತಕ್ಕೊಂದು ಆಸ್ಪತ್ರೆ ಎಂಬಷ್ಟು ಸಮೃದ್ಧವಾದ ಊರು ನಮ್ಮದು. 1848ರ ವೆನ್ಲಾಕ್‌ನಿಂದ ಹಿಡಿದು ಮೊನ್ನೆ ಟೇಪು ಕತ್ತರಿಸಿದ್ದರವರೆಗೆ, ಕಾಸರಗೋಡಿನವರೂ ಕೊಡಗಿನವರೂ ಗಂಟುಮೂಟೆ ಕಟ್ಟಿಕೊಂಡು ಬರುವುದು ಇಲ್ಲಿಗೆ. ಆದರೆ ನಾವು ಹೋದ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಗಾಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ‘ಬಿಡಿಭಾಗವು ವಿದೇಶದಿಂದ ಬರಬೇಕಾಗಿರುವುದರಿಂದ ಯಂತ್ರವು ತಾತ್ಕಾಲಿಕವಾಗಿ ಲಭ್ಯವಿರುವುದಿಲ್ಲ.’ ಕೆಳಗೆ ಬರೆದಿದ್ದ ದಿನಾಂಕವನ್ನು ಮೂರು ಸಲ ಹೊಡೆದುಹಾಕಿದ್ದರು. ಚೀಟಿಯ ಪಕ್ಕದಲ್ಲೇ ಸ್ವಾವಲಂಬಿ ಭಾರತಕ್ಕೆ ಶುಭ ಕೋರುವ ಬಣ್ಣದ ಭಿತ್ತಿಚಿತ್ರ. ಎರಡಕ್ಕೂ ಒಂದೇ ಅಂಟುಪಟ್ಟಿ.

‘ಏನು ಬರಬೇಕು ಮಾರಾಯ?’ ಎಂದು ಮಾವ ಅಲ್ಲಿದ್ದ ತಂತ್ರಜ್ಞ ಹುಡುಗನನ್ನು ಕೇಳಿದರು.

‘ಕಾಯಿಲ್, ಅಜ್ಜ. ಸೊಂಟದ ಅಡಿಗೆ ಇಡುವಂಥದ್ದು.’

‘ಅದನ್ನು ಇಲ್ಲಿ ಮಾಡುವುದಿಲ್ಲವೋ?’

‘ಇಲ್ಲಿ ಸೊಂಟನೋವು ಮಾತ್ರ ಮಾಡುವುದು’ ಎಂದ ಹುಡುಗ. ಅವನಿಗೆ ಒಳ್ಳೆಯ ಭವಿಷ್ಯವಿದೆ, ತಾಳಮದ್ದಳೆಯಲ್ಲಿ.

ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮಾವನ ಕಾಯಿಲೆ ಸಂಪೂರ್ಣ ಸ್ವದೇಶಿ: ಗುಂಡಿ ನಮ್ಮದು, ಗುತ್ತಿಗೆದಾರ ನಮ್ಮವನು, ಬಸ್ಸಿನ ಸೀಟಿನೊಳಗೆ ಇಲ್ಲದ ಸ್ಪಂಜು ಕೂಡ ನಮ್ಮದೇ. ಅದನ್ನು ಪತ್ತೆಹಚ್ಚುವ ಸಾಮಾನು ಮಾತ್ರ ಹೊರಗಿನದು. ದೇಶ ಬಳಸುವ ವೈದ್ಯಕೀಯ ಸಾಧನಗಳಲ್ಲಿ ಶೇಕಡ 70ರಿಂದ 80ರಷ್ಟು ಆಮದಾದವು ಎಂಬುದು ವರ್ಷಗಳಿಂದ ಕೇಳಿಬರುವ ಲೆಕ್ಕ. ಇದನ್ನು ತಗ್ಗಿಸುತ್ತೇವೆಂದು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಂದು ರಾಷ್ಟ್ರೀಯ ನೀತಿಯನ್ನೇ ಒಪ್ಪಿತು. ನೀತಿ ಬಂದ ವರ್ಷದಲ್ಲಿ ಆಮದಿನ ಮೊತ್ತ ಸುಮಾರು 61,000 ಕೋಟಿ ರೂಪಾಯಿಯಿಂದ ಸುಮಾರು 69,000 ಕೋಟಿಗೆ ಏರಿತು. ಸಕ್ಕರೆ ಬಿಡುತ್ತೇನೆಂದು ಶಪಥ ಮಾಡಿದ ದಿನವೇ ಮನೆಯಲ್ಲಿ ಹೋಳಿಗೆ ಮಾಡುತ್ತಾರಲ್ಲ, ಹಾಗೆ.

ಬೇಲಿ ಹಾಕಲಿಲ್ಲ ಎಂದಲ್ಲ. ಹಾಕಿದ ಬೇಲಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ತಲಪಾಡಿಯಿಂದ ಶಿರೂರಿನ ತನಕ ಸಾಕಾದೀತು. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು 2020ರ ಬಜೆಟ್ಟಿನ ಆರೋಗ್ಯ ಸೆಸ್. ಸುಂಕದ ಪಟ್ಟಿಯಲ್ಲಿ 9018ರಿಂದ 9022ರವರೆಗಿನ ಮನೆಗಳಲ್ಲಿ ವಾಸಿಸುವ ಆಮದು ವೈದ್ಯಕೀಯ ಸಾಧನಗಳ ಮೇಲೆ ಶೇಕಡ 5. ಈ ಹಣವನ್ನು ಹಿಂದುಳಿದ ಜಿಲ್ಲೆಗಳ ಆಸ್ಪತ್ರೆಗಳಿಗೆ ಬಳಸುವುದು ಉದ್ದೇಶ. ಮಾವನಿಗೆ ಇದನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಷಾಯ ಕುಡಿಯುತ್ತ ವಿವರಿಸಿದೆ. ಅವರು ನಿಂತೇ ಕುಡಿಯುತ್ತಿದ್ದರು.

‘ಅಂದರೆ,’ ಎಂದರು ಮಾವ, ಲೋಟವನ್ನು ಚೆಂಡೆಯವನ ಕಡೆಗೆ ಸನ್ನೆ ಮಾಡಿದಂತೆ ಎತ್ತಿ, ‘ಆಸ್ಪತ್ರೆ ಕಟ್ಟಲು ಹಣ ಬೇಕು. ಹಣಕ್ಕಾಗಿ ಆಸ್ಪತ್ರೆಗೆ ಬರುವ ಯಂತ್ರದ ಮೇಲೆ ತೆರಿಗೆ. ತೆರಿಗೆಯಿಂದ ಯಂತ್ರ ದುಬಾರಿ. ದುಬಾರಿಯಾದ್ದರಿಂದ ಕಟ್ಟಿದ ಆಸ್ಪತ್ರೆಯಲ್ಲಿ ಯಂತ್ರ ಇಲ್ಲ. ಬ್ರಹ್ಮಕಲಶದ ಖರ್ಚಿಗೆ ದೇವರ ಕಿರೀಟವನ್ನೇ ಅಡವಿಟ್ಟ ಹಾಗಾಯಿತು.’

ಸೆಸ್ ಹಾಕಿದ್ದು ಫೆಬ್ರವರಿಯಲ್ಲಿ. ಏಪ್ರಿಲ್ ಎರಡನೇ ವಾರಕ್ಕೆ ಕೊರೊನಾ ಬಂದು ಕದ ತಟ್ಟಿದಾಗ ವೆಂಟಿಲೇಟರ್, ಮಾಸ್ಕ್, ಪರೀಕ್ಷೆಯ ಕಿಟ್‌ಗಳ ಮೇಲಿನ ಸುಂಕವನ್ನೂ ಸೆಸ್ಸನ್ನೂ ಸೆಪ್ಟೆಂಬರ್ 30ರ ತನಕ ತೆಗೆದಿಟ್ಟರು. ವೈರಾಣುವಿಗೂ ಒಂದು ಗಡುವು ಕೊಟ್ಟ ಏಕೈಕ ಇಲಾಖೆ ನಮ್ಮ ಹಣಕಾಸಿನದ್ದು.

ಮರುವರ್ಷದ ಮೇ ತಿಂಗಳನ್ನು ಈ ಕರಾವಳಿಯವರು ಮರೆಯಲಾರರು. ಬಹರೇನ್‌ನಿಂದ ದ್ರವ ಆಮ್ಲಜನಕದ ಕಂಟೇನರುಗಳನ್ನು ಹೊತ್ತು ನೌಕಾಪಡೆಯ ಐ.ಎನ್.ಎಸ್. ತಲವಾರ್ ಪಣಂಬೂರಿನ ಬಂದರಿಗೆ ಬಂದದ್ದು 2021ರ ಮೇ 5ರಂದು. ಅದು ನಿಜಕ್ಕೂ ಕಣ್ಣು ತುಂಬಿಬಂದ ದೃಶ್ಯ. ಅದರ ಬಗ್ಗೆ ತಮಾಷೆ ಮಾಡುವ ಮನಸ್ಸು ನನಗಿಲ್ಲ. ತಮಾಷೆ ಬೇರೆ ಕಡೆ ನಡೆಯುತ್ತಿತ್ತು. ಕೊಲ್ಲಿ ದೇಶದ ಮಗನೋ ಅಮೆರಿಕದ ಅಳಿಯನೋ ಊರಿನ ಮುದುಕರಿಗೆ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್ ಉಡುಗೊರೆಯಾಗಿ ಕಳುಹಿಸಿದರೆ, ಸ್ವಂತ ಬಳಕೆಯ ಆಮದು ಎಂದು ಅದಕ್ಕೆ ಶೇಕಡ 28 ತೆರಿಗೆಯಿತ್ತು. ಮೇ 1ರಂದು ಕರುಣೆ ಉಕ್ಕಿ 12ಕ್ಕೆ ಇಳಿಯಿತು. 85 ವರ್ಷದ ಹಿರಿಯರೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಮೇ 21ರಂದು ಹೈಕೋರ್ಟು ಇಂಥ ತೆರಿಗೆ ಅಸಾಂವಿಧಾನಿಕ ಎಂದಿತು. ಸರಕಾರ ಸುಪ್ರೀಂ ಕೋರ್ಟಿಗೆ ಓಡಿ ಜೂನ್ 1ರಂದು ತಡೆಯಾಜ್ಞೆ ತಂದಿತು. ಜೂನ್ 12ರಂದು ಜಿ.ಎಸ್.ಟಿ. ಮಂಡಳಿ ಶೇಕಡ 5 ಸಾಕು ಎಂದಿತು. ಅಷ್ಟರಲ್ಲಿ ಎರಡನೇ ಅಲೆಯೇ ಇಳಿಯತೊಡಗಿತ್ತು. ಉಸಿರಿನ ದರ ನಿಗದಿಯಾಗುವ ತನಕ ಉಸಿರು ಹಿಡಿದುಕೊಂಡಿದ್ದವರ ಕತೆ ಯಾವ ಅಧಿಸೂಚನೆಯಲ್ಲೂ ಇಲ್ಲ.

ಇನ್ನು ಚೀನಾ. 2020ರ ಜುಲೈ 23ರಂದು, ನಮ್ಮೊಡನೆ ಭೂಗಡಿ ಹಂಚಿಕೊಂಡ ದೇಶಗಳ ಕಂಪನಿಗಳು ನೋಂದಣಿ ಇಲ್ಲದೆ ಸರಕಾರಿ ಟೆಂಡರಿಗೆ ಬರುವಂತಿಲ್ಲ ಎಂದು ನಿಯಮವಾಯಿತು. ಊರಿನಲ್ಲಿ ಪಟಾಕಿ ಸಿಡಿಸಿದರು. ಪಟಾಕಿ ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಮುಂದೆ 2021-22ರಲ್ಲಿ ಚೀನಾದಿಂದ ಬಂದ ವೈದ್ಯಕೀಯ ಸಾಧನಗಳ ಮೊತ್ತ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟು ಏರಿ 13,500 ಕೋಟಿ ರೂಪಾಯಿಯ ಹತ್ತಿರ ಹೋಯಿತು. ನಿಯಮ ಮುರಿದರೆಂದು ತಿಳಿಯಬೇಡಿ. ನಿಯಮ ಸರಕಾರಿ ಖರೀದಿಗೆ, ಸಾಮಾನು ಬರುತ್ತಿದ್ದದ್ದು ಮಾರುಕಟ್ಟೆಗೆ. ಎದುರಿನ ಗೇಟಿಗೆ ಬೀಗ ಜಡಿದು ಹಿತ್ತಿಲಿನ ತಡಮೆಯನ್ನು ತೆರೆದಿಟ್ಟ ಮನೆಗೆ ಕಳ್ಳ ಬೇಕಾಗಿಲ್ಲ, ನೆಂಟರೇ ಸಾಕು.

ಈ ತಡಮೆಯ ಬಳಿ ಹುಟ್ಟಿಕೊಂಡದ್ದೇ ಚೀಟಿ ಉದ್ಯಮ. ಸರಕಾರಿ ಖರೀದಿಯಲ್ಲಿ ಸ್ಥಳೀಯ ಅಂಶ ಶೇಕಡ 50 ಮುಟ್ಟಿದರೆ ಒಂದನೇ ದರ್ಜೆಯ ಸ್ಥಳೀಯ ಪೂರೈಕೆದಾರ, 20 ದಾಟಿದರೆ ಎರಡನೇ ದರ್ಜೆ. ಹೊರಗಿನಿಂದ ಬಂದ ಯಂತ್ರದ ಪೆಟ್ಟಿಗೆ ಒಡೆದು, ಪ್ಲಗ್ ಬದಲಿಸಿ, ಹೊಸ ಚೀಟಿ ಅಂಟಿಸಿ ದೇಶೀಯ ಎಂದು ಮಾರುವವರಿದ್ದಾರೆ ಎಂದು ನಮ್ಮ ದೇಶೀಯ ತಯಾರಕರೇ ದೂರುತ್ತಾರೆ. ನಾಗಪುರದ ಕಿತ್ತಳೆಯನ್ನು ತಂದು ನಮ್ಮ ಸಂತೆಯಲ್ಲಿ ‘ಕೊಡಗಿನದ್ದು’ ಎಂದು ಮಾರುತ್ತಾರಲ್ಲ, ಅದೇ ವಿದ್ಯೆ. ಕಿತ್ತಳೆಗೆ ಮಾತ್ರ ಪ್ರಮಾಣಪತ್ರ ಕೇಳುವುದಿಲ್ಲ.

ಮಾವನನ್ನು ಹುರಿದುಂಬಿಸಿದ್ದು ಹಳೆಯ ಯಂತ್ರಗಳ ಪ್ರಸಂಗ. ವಿದೇಶದಲ್ಲಿ ಕೆಲವು ವರ್ಷ ಬಳಸಿ, ರಿಪೇರಿ ಮಾಡಿ, ಕಡಿಮೆ ಬೆಲೆಗೆ ಮಾರುವ ಸ್ಕ್ಯಾನರುಗಳನ್ನು ನಮ್ಮ ಸಣ್ಣ ಊರುಗಳ ಆಸ್ಪತ್ರೆಗಳು ತರಿಸುತ್ತವೆ. 2023ರಲ್ಲಿ ಪರಿಸರ ಸಚಿವಾಲಯ ತನ್ನ ಕಸದ ನಿಯಮಗಳಡಿ ಇಂಥ ದುಬಾರಿ ಯಂತ್ರಗಳ ಪಟ್ಟಿಯೊಂದನ್ನು ಮಾಡಿ, ಷರತ್ತಿನ ಮೇಲೆ ತರಬಹುದು ಎಂದಿತು. 2025ರ ಜನವರಿಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಕಸ್ಟಮ್ಸ್‌ನವರಿಗೆ ಪತ್ರ ಬರೆದು, 2017ರ ನಿಯಮಗಳಲ್ಲಿ ಹಳೆಯ ಸಾಧನಕ್ಕೆ ಪರವಾನಗಿ ಕೊಡುವ ಅವಕಾಶವೇ ಇಲ್ಲ, ಬಿಡಬೇಡಿ ಎಂದರು. ಯಂತ್ರ ಕಸವೋ ಸಾಧನವೋ ಎಂಬುದು ಪ್ರಶ್ನೆ. ಕಸವೆಂದರೆ ಒಳಗೆ ಬರಬಹುದು, ಸಾಧನವೆಂದರೆ ಬರುವಂತಿಲ್ಲ!

ಮಾವ ಕಷಾಯ ಕೆಳಗಿಟ್ಟರು. ಪರಿಸರ ಸಚಿವಾಲಯದ ಅರ್ಥ ತಮ್ಮದೇ, ಔಷಧ ನಿಯಂತ್ರಕರದ್ದೂ ತಮ್ಮದೇ.

‘ಎಲವೋ, ದೂರದೇಶದಿಂದ ಬಂದ ಈ ಯಂತ್ರವು ವೃದ್ಧವಾದರೂ ಪಟುವಾಗಿದೆ. ಬಡ ಊರಿನ ರೋಗಿಗೆ ಕೋಟಿ ಬೆಲೆಯ ಹೊಸದನ್ನು ತೋರಿಸಿ ಹಸಿವಿನಲ್ಲಿ ಕೂರಿಸುವುದಕ್ಕಿಂತ ಇದು ಲೇಸಲ್ಲವೆ?’

‘ಆಹಾ, ಪರದೇಶದವರು ಉಟ್ಟು ಬಿಟ್ಟ ಪಂಚೆಯನ್ನು ಉಟ್ಟುಕೊಂಡು ಸಭೆಗೆ ಬರುವ ನಿನಗೆ ನಾಚಿಕೆ ಎಂಬುದಿಲ್ಲವೆ? ನಮ್ಮ ನೇಕಾರನು ಏನಾಗಬೇಕು?’

‘ನಿನ್ನ ನೇಕಾರನು ಪಂಚೆಯನ್ನು ನೇಯುವ ತನಕ ಸಭಿಕರು ಹೇಗಿರಬೇಕು ಎಂಬುದನ್ನು ಅಪ್ಪಣೆ ಕೊಡಿಸಬೇಕು.’

ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದವರು ಕೈ ತೊಳೆಯದೆ ಚಪ್ಪಾಳೆ ತಟ್ಟಿದರು. ಎರಡೂ ಪಕ್ಷದಲ್ಲಿ ತಿರುಳಿದೆ ಎಂದೇ ನನಗೂ ಅನ್ನಿಸುತ್ತದೆ. ಅಗ್ಗದ ಹಳೆಯ ಯಂತ್ರ ಬಂದು ಬಿದ್ದರೆ ಇಲ್ಲಿ ಹೊಸದು ಮಾಡುವವನು ಬದುಕುವುದಿಲ್ಲ. ಆದರೆ ತಾಳಮದ್ದಳೆಯಲ್ಲಾದರೆ ಬೆಳಗಾಗುವುದರೊಳಗೆ ಭಾಗವತರು ಜಾಗಟೆ ಬಾರಿಸಿ ಮಂಗಳ ಹಾಡುತ್ತಾರೆ. ಇಲ್ಲಿ ಭಾಗವತರೇ ಇಲ್ಲ.

ನಿರ್ಬಂಧ ಎಂಬ ಮಾತು ಈ ಕಡಲತೀರಕ್ಕೆ ಹೊಸತಲ್ಲ. ಸುರತ್ಕಲ್ ಪಕ್ಕದ ತೈಲ ಶುದ್ಧೀಕರಣ ಕಾರ್ಖಾನೆ ಎಂ.ಆರ್.ಪಿ.ಎಲ್. ವರ್ಷಗಟ್ಟಲೆ ಇರಾನಿನ ಕಚ್ಚಾತೈಲವನ್ನು ತರಿಸಿಕೊಂಡದ್ದು. ಇರಾನಿನ ಮೇಲೆ ತಾನು ಹಾಕಿದ ನಿರ್ಬಂಧದಿಂದ ಅಮೆರಿಕ ಕೊಟ್ಟಿದ್ದ ವಿನಾಯಿತಿ 2019ರ ಮೇಯಲ್ಲಿ ಮುಗಿದ ಮೇಲೆ ಆ ಹಡಗುಗಳು ನಿಂತವು. ಇರಾನಿಗೆ ಹೋಗುವ ಔಷಧ, ವೈದ್ಯಕೀಯ ಸಾಮಗ್ರಿಗಳಿಗೆ ಮಾತ್ರ ನಿರ್ಬಂಧ ಇಲ್ಲ ಎಂದು ಅಮೆರಿಕದ ಕಾಗದ ಹೇಳುತ್ತದೆ. ಆದರೆ ಹಣ ದಾಟಿಸುವ ಬ್ಯಾಂಕುಗಳಿಗೆ ಜೀವಭಯ. 2018ರ ಅಕ್ಟೋಬರ್ 3ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಈ ಸಾಮಗ್ರಿಗಳಿಗೆ ಅಡ್ಡಿ ಮಾಡಬೇಡಿ ಎಂದು ಆದೇಶಿಸಬೇಕಾಗಿ ಬಂತು. ಊಟಕ್ಕೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಪಂಕ್ತಿಯಲ್ಲಿ ಕೂರುವಂತಿಲ್ಲ ಎಂಬ ಮದುವೆಯ ಆಮಂತ್ರಣ ಇದು. ಕಾಯಿಲ್ ಬಂದರೂ ಮುಗಿಯಲಿಲ್ಲ, ಎಂ.ಆರ್.ಐ.ಯ ಅಯಸ್ಕಾಂತವನ್ನು ತಣ್ಣಗಿಡುವ ಹೀಲಿಯಂ ಬೇಕು. 2017ರಲ್ಲಿ ನೆರೆಯವರು ಕತಾರಿಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳೇ ಮುಚ್ಚಿದ್ದವು. ಕೆಲವು ಸ್ಕ್ಯಾನಿಂಗಿಗೆ ಚುಚ್ಚುವ ಮದ್ದಿನಲ್ಲಿರುವ ಗ್ಯಾಡೊಲಿನಿಯಂ ಲೋಹದ ರಫ್ತಿಗೆ ಚೀನಾ 2025ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿತು. ಮೂಡುಬಿದಿರೆಯ ಒಬ್ಬ ಅರ್ಥಧಾರಿಯ ಸೊಂಟ ನೋಡಲು ಇಷ್ಟೊಂದು ರಾಷ್ಟ್ರಗಳ ಮುನಿಸು ತಿಳಿಯಾಗಬೇಕು.

ಮಾವನಿಗೆ ಅಷ್ಟು ವ್ಯವಧಾನ ಇರಲಿಲ್ಲ. ಎರಡು ಫರ್ಲಾಂಗು ಆಚೆಯ ಇನ್ನೊಂದು ಕಡೆ ಹೆಚ್ಚು ದುಡ್ಡು ತೆತ್ತು ಸ್ಕ್ಯಾನಿಂಗ್ ಮಾಡಿಸಿದೆವು. ಒಳಗೆ ಕಳುಹಿಸುವ ಮೊದಲು ಅಲ್ಲಿನ ಹುಡುಗಿ ಒಂದು ನಮೂನೆ ಕೊಟ್ಟಳು: ಮೈಯೊಳಗೆ ಲೋಹವೋ ಸಾಧನವೋ ಇದ್ದರೆ ಬರೆಯಬೇಕು. ಮಾವ ಕನ್ನಡಕ ಏರಿಸಿ ಗಂಭೀರವಾಗಿ ಬರೆಯತೊಡಗಿದರು.

‘ಕಣ್ಣಿನೊಳಗಿನ ಮಸೂರ, ಎರಡು. ಮದುರೈಯಲ್ಲಿ ತಯಾರಾದದ್ದು ಎಂದು ಆಗ ವೈದ್ಯರು ಹೇಳಿದ್ದರು. ಸ್ಥಳೀಯ ಅಂಶ, ಬರೆದುಕೋ.’

ಮದುರೈಯ ಮಸೂರದ ಮಾತು ನಿಜವೇ. 1992ರಲ್ಲಿ ಅರವಿಂದ ಕಣ್ಣಾಸ್ಪತ್ರೆಯ ಬಳಗದವರು ಆರೋಲ್ಯಾಬ್ ಆರಂಭಿಸಿ, ಹೊರಗಿನಿಂದ ಸಾವಿರಾರು ರೂಪಾಯಿಗೆ ಬರುತ್ತಿದ್ದ ಮಸೂರವನ್ನು ಕೆಲವೇ ನೂರಕ್ಕೆ ಇಳಿಸಿದರು. ಈಗ ಹೊರದೇಶಗಳಿಗೂ ಕಳುಹಿಸುತ್ತಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಹೃದಯ ಕವಾಟ 1990ರಲ್ಲೇ ರೋಗಿಯ ಎದೆಯೊಳಗೆ ಬಡಿಯತೊಡಗಿತ್ತು. ಬೇಲಿ ಕಟ್ಟಿ ಕಾದವರಲ್ಲ ಇವರು, ಸಾಮಾನು ಮಾಡಿದವರು. ಈ ಮಾತನ್ನು ಹೇಳಲು ಹೊರಟರೆ ಮಾವ ನಮೂನೆಯಲ್ಲಿ ಮುಳುಗಿದ್ದರು.

‘ಎಡ ಮಂಡಿ, ವಿದೇಶ. ಹೃದಯದ ಸ್ಟೆಂಟು, ಸೂರತ್. ಕಿವಿಯ ಯಂತ್ರ, ವಿದೇಶ. ಅದರ ಬ್ಯಾಟರಿಯೂ ವಿದೇಶ. ಹಲ್ಲಿನ ಸೆಟ್ಟು, ಉಡುಪಿ ರಥಬೀದಿಯ ಹಿಂದುಗಡೆ.’ ಮನಸ್ಸಿನಲ್ಲೇ ಕೂಡಿ ಕಳೆದು, ‘ಶೇಕಡ 50 ಮುಟ್ಟುತ್ತದೆ ಅಳಿಯ. ಒಂದನೇ ದರ್ಜೆ. ಟೆಂಡರ್ ಕರೆದರೆ ನನ್ನನ್ನು ಹಾಕಬಹುದು.’

‘ಅಜ್ಜ, ಕಿವಿಯದ್ದನ್ನು ಹೊರಗೆ ತೆಗೆದಿಡಬೇಕು, ಹಲ್ಲಿನ ಸೆಟ್ಟನ್ನೂ’ ಎಂದಳು ಹುಡುಗಿ.

‘ಹಲ್ಲು ತೆಗೆದರೆ ಎರಡನೇ ದರ್ಜೆಗೆ ಇಳಿಯುತ್ತೇನೆ ಮಗಳೇ.’

ವರದಿ ಬಂತು. ನಾಲ್ಕನೇ ಮತ್ತು ಐದನೇ ಸೊಂಟಮೂಳೆಯ ನಡುವಿನ ಬಿಲ್ಲೆ ಹೊರಗೆ ಸರಿದಿದೆ; ಹದಿನೈದು ದಿನ ಮಲಗಿರಬೇಕು, ಬಸ್ಸು ಹತ್ತಬಾರದು. ಮಾವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಹೊರಡುವ ಹೊತ್ತಿಗೆ ಮೊದಲಿನ ಆಸ್ಪತ್ರೆಯ ಹುಡುಗನ ಕರೆ ಬಂತು. ಹೆಸರು ಬರೆಸಿದ್ದೆವಲ್ಲ, ಅದಕ್ಕೆ. ಕಾಯಿಲ್ ವಿಮಾನದಲ್ಲಿ ಬೆಂಗಳೂರಿಗೆ ಬಂದಿದೆ; ಸುಂಕ ಕಟ್ಟಿಯಾಗಿದೆ, ಸೆಸ್ ಕಟ್ಟಿಯಾಗಿದೆ, ಪರವಾನಗಿ ತೋರಿಸಿಯಾಗಿದೆ, ಕಸ್ಟಮ್ಸ್‌ನವರು ಬಿಟ್ಟಿದ್ದಾರೆ. ನಿನ್ನೆ ರಾತ್ರಿಯೇ ಲಾರಿಗೆ ಏರಿಸಿದ್ದಾರೆ.

‘ಹಾಗಾದರೆ ನಾಳೆಗೆ ಯಂತ್ರ ಶುರುವೋ?’ ಎಂದು ಮಾವ ಮಲಗಿದಲ್ಲಿಂದಲೇ ಕೂಗಿದರು.

‘ಇಲ್ಲ ಅಜ್ಜ. ಶಿರಾಡಿಯಲ್ಲಿ ಗುಡ್ಡ ಕುಸಿದಿದೆ.’