‘ಸಾಕು’ ಅಂದರೆ ಯಾವುದು ಸಾಕು?

ನೀವು ಗ್ರಾಹಕರಿಗೆ ಕಳಿಸುವ ಜಾಹೀರಾತು ಎಸ್ಸೆಮ್ಮೆಸ್ಸಿನ ಬಾಲಕ್ಕೆ ‘ಬೇಡವಾದರೆ ಸ್ಟಾಪ್ ಎಂದು ಉತ್ತರಿಸಿ’ ಎಂದು ಅಂಟಿಸಿದರೂ ವಾಪಸು ಬರುವುದು ‘ಯಾರಪ್ಪಾ ನೀನು?’, ‘ಸಾಕು’, ‘ಅಯ್ಯೋ, ಮತ್ತೆ ಬಂತಾ!’ ಆಟೋಕರೆಕ್ಟ್ ಕೃಪೆಯಿದ್ದರೆ ‘ಶಾಪ್’.

ಸಾಫ್ಟ್‌ವೇರಿನ ಕಿವಿ ಬಹಳ ಸಣ್ಣದು. ಸಾಮಾನ್ಯವಾಗಿ ಅದು ನೋಡುವುದು ಇಡೀ ಉತ್ತರ ಆ ಒಂದೇ ಪದವೇ ಎಂದು. ‘ಸ್ಟಾಪ್’ ಎಂದರೆ ಬಿಡುಗಡೆ. ‘ದಯವಿಟ್ಟು ಸ್ಟಾಪ್ ಮಾಡಿ’ ಎಂದರೆ ಇಲ್ಲ. ಮರ್ಯಾದೆಯಿಂದ ಕೇಳಿದವರಿಗೇ ಶಿಕ್ಷೆ! ಹಾಗಂತ ಪದ ಎಲ್ಲಿ ಕಂಡರೂ ಹಿಡಿ ಎಂದರೆ ಇನ್ನೊಂದು ಪೇಚು. ಐಫೋನಿನಲ್ಲಿ ಎಸ್ಸೆಮ್ಮೆಸ್ಸಿಗೆ ಹೆಬ್ಬೆರಳೆತ್ತಿದರೆ ಆಚೆ ತುದಿಗೆ ಹೋಗುವುದು ‘ಲೈಕ್ಡ್’ ಎಂಬ ಮಾತು, ಅದರ ಹಿಂದೆ ಉದ್ಧರಣ ಚಿಹ್ನೆಯೊಳಗೆ ನಿಮ್ಮದೇ ಸಂದೇಶ, ಬಾಲದ ‘ಸ್ಟಾಪ್’ ಸಮೇತ. ಮೆಚ್ಚಿದವರೇ ಪಟ್ಟಿಯಿಂದ ಹೊರಗೆ.

ಆದ್ದರಿಂದ ಒಂಟಿಪದಗಳು ಯಂತ್ರಕ್ಕಿರಲಿ, ಮಿಕ್ಕದ್ದು ಮನುಷ್ಯರ ಕಣ್ಣಿಗೆ ಬೀಳಲಿ. ಓದುವವರೆಗೆ ಆ ನಂಬರಿಗೆ ಮುಂದಿನ ಜಾಹೀರಾತು ಹೋಗದಂತೆ ತಡೆ ಹಾಕಬೇಕು. ತಪ್ಪುವುದು ಹೆಚ್ಚಾಗಿ ಇಲ್ಲೇ: ಬೈಗುಳ ಇನ್‌ಬಾಕ್ಸಿನಲ್ಲಿ ಕೊಳೆಯುತ್ತಿರುತ್ತದೆ, ಅತ್ತ ನಿಗದಿಯಾದ ಆಫರ್ ಠಣ್ ಎಂದು ಹೋಗಿರುತ್ತದೆ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ನಿಯಮದಲ್ಲಿ ಗ್ರಾಹಕರು ಸಮಂಜಸವಾದ ಯಾವ ರೀತಿಯಲ್ಲಿ ಬೇಡವೆಂದರೂ ಬೇಡವೇ. 2025ರ ಏಪ್ರಿಲ್ 11ರಿಂದ ಅದನ್ನು ಜಾರಿಗೆ ತರಲು ಇರುವ ಗಡುವು ಹೆಚ್ಚೆಂದರೆ 10 ಕೆಲಸದ ದಿನ. ಬೈಗುಳಕ್ಕೆ ಅಷ್ಟೆಲ್ಲ ಯೋಚಿಸುವುದು ಯಾಕೆ? ಅವತ್ತೇ ತೆಗೆಯಿರಿ.

ನಿಜವಾಗಿ ತಲೆ ಕೆರೆಸುವುದು ‘ಕ್ಯಾನ್ಸಲ್’. ಅದೇ ನಂಬರಿನಿಂದ ಬುಕಿಂಗಿನ ನೆನಪೋಲೆಯೂ ಹೋಗಿದ್ದರೆ ರದ್ದಾಗಬೇಕಾದ್ದು ಯಾವುದು? ಕೊನೆಗೆ ಹೋದ ಸಂದೇಶ ಯಾವುದೆಂದು ಮೊದಲು ನೋಡಿ. ಅನುಮಾನ ಉಳಿದರೆ ಒಂದೇ ಸಲ ಕೇಳಿ: ‘ಜಾಹೀರಾತು ನಿಲ್ಲಿಸಲು 1, ಬುಕಿಂಗ್ ರದ್ದಿಗೆ 2 ಒತ್ತಿ.’ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ ಹಿಡಿಸುವುದು 70 ಅಕ್ಷರಸ್ಥಾನ, ಒತ್ತು ಗುಣಿತಗಳೂ ಲೆಕ್ಕಕ್ಕೆ. ಕೂಪನ್ ತುರುಕಲು ಜಾಗವೂ ಇಲ್ಲ, ಮುಖವೂ ಇಲ್ಲ. ಉತ್ತರ ಬಾರದಿದ್ದರೆ ಜಾಹೀರಾತು ನಿಲ್ಲಲಿ, ಬುಕಿಂಗ್ ಹಾಗೇ ಇರಲಿ.

‘ರಾಂಗ್ ನಂಬರ್’ ಎಂದವರನ್ನು ‘ಹಾಗಾದರೆ ನೀವೇ ಸೇರಿ’ ಎಂದು ಕರೆಯಬೇಡಿ. ಒಪ್ಪಿಗೆ ಕೊಟ್ಟವರು ಆ ಸಿಮ್ಮಿನ ಹಳೆಯ ಒಡೆಯರು.

ಇಷ್ಟೆಲ್ಲ ಮಾಡಿ ತೆಗೆದ ನಂಬರು ಮುಂದಿನ ತಿಂಗಳ ಎಕ್ಸೆಲ್ ಹಾಳೆಯಲ್ಲಿ ಮತ್ತೆ ಹುಟ್ಟುತ್ತದೆ. ಸಂದೇಶ ಕಳಿಸಬಾರದವರ ಪಟ್ಟಿಯಲ್ಲಿ ಅದು ದೇಶದ ಕೋಡ್ ಸಹಿತ, ಹಾಳೆಯಲ್ಲಿ ಕೋಡ್ ಇಲ್ಲದೆ. ಯಂತ್ರದ ಲೆಕ್ಕಕ್ಕೆ ಅವರು ಹೊಸಬರು, ‘ಸ್ವಾಗತ!’ ಎನ್ನುತ್ತದೆ.