ಆ ಟ್ಯೂಬನ್ನು ಕೂಸಿನ ಕೆನ್ನೆಗೆ ಹಚ್ಚಬೇಡಿ

ಈಗಷ್ಟೇ ಮೆಡಿಕಲ್‌ನಿಂದ ಬಂದೆ. ಚಪ್ಪಲಿ ಬಿಟ್ಟವಳು ಒಳಗೂ ಹೋಗದೆ ಬಾಗಿಲ ಕಟ್ಟೆ ಮೇಲೇ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಮನೆಯಲ್ಲಿ ಚಿಕ್ಕ ಮಕ್ಕಳಿರೋರು ದಯವಿಟ್ಟು ಪೂರ್ತಿ ಓದಿ.

ಅಮ್ಮನ ಬಿಪಿ ಮಾತ್ರೆ ತರೋಕೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು, ಸೊಂಟದ ಮೇಲೆ ಹತ್ತು ತಿಂಗಳ ಗಂಡುಕೂಸು. ಕೂಸಿನ ಎರಡೂ ಕೆನ್ನೆ ಕೆಂಪಾಗಿ ಒರಟೊರಟಾಗಿದ್ದವು. ಅದು ತಾಯಿಯ ಹೆಗಲಿಗೆ ಮುಖ ಉಜ್ಜುತ್ತಲೇ ಇತ್ತು. ನೋಡಿದವರಿಗೆ ಮುದ್ದು ಮಾಡ್ತಿದೆ ಅನ್ನಿಸಬೇಕು. ಅಲ್ಲ. ಕೈಯಿಂದ ಸರಿಯಾಗಿ ಕೆರೆದುಕೊಳ್ಳೋಕೆ ಬಾರದ ಕೂಸು ತುರಿಕೆಯನ್ನು ಹಾಗೇ ತೀರಿಸಿಕೊಳ್ಳುತ್ತೆ. ನನ್ನ ಮಗಳು ಎರಡು ವರ್ಷ ನನ್ನ ಹೆಗಲ ಮೇಲೆ ಅದನ್ನೇ ಮಾಡಿದಾಳೆ.

"ಅಣ್ಣಾ, ಹುಡುಗನ ಮಕಕ್ಕೆ ಇಸುಬು ಆಗೇತಿ, ಏನಾರ ಟ್ಯೂಬ್ ಕೊಡ್ರಿ" ಅಂದಳು.

ಅಂಗಡಿಯವರು ಕೂತಲ್ಲಿಂದಲೇ ಕೈ ಚಾಚಿ ಒಂದು ಟ್ಯೂಬ್ ತೆಗೆದು ಗಾಜಿನ ಮೇಲಿಟ್ಟರು. "ದಿನಾ ಎರಡು ಸಲ ಹಚ್ಚವ್ವ, ಮೂರು ದಿನಕ್ಕೆ ಹೋಗ್ತತಿ."

ಡಬ್ಬಿಯ ಮೇಲಿನ ಅಕ್ಷರ ನನಗೆ ಕಂಡಿತು. ಕ್ಲೋಬೆಟಾಸೋಲ್, ಜೊತೆಗೆ ಒಂದು ಫಂಗಸ್ ಔಷಧಿ, ಜೊತೆಗೆ ಒಂದು ಆಂಟಿಬಯೋಟಿಕ್. ಕ್ಲೋಬೆಟಾಸೋಲ್ ಅಂದರೆ ಉರಿ, ಕೆಂಪು ಇಳಿಸೋಕೆ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತಿ ತೀಕ್ಷ್ಣವಾದ ಗುಂಪಿನದು. ಅದು ಹತ್ತು ತಿಂಗಳ ಕೂಸಿನ ಕೆನ್ನೆಗೆ! "ಡಾಕ್ಟರ್ ಚೀಟಿ ಕೇಳೋದಿಲ್ಲವೇನ್ರಿ?" ಅಂದೆ. "ನಿಮಗೇನು ಬೇಕು ಹೇಳ್ರಿ ಮೇಡಂ" ಅಂದರು. ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ದುಡ್ಡು ಕೊಟ್ಟು ಟ್ಯೂಬನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ನಾನು ಹಿಂದೆ ಓಡಿ ಹೇಳುವಷ್ಟರಲ್ಲಿ ಆಟೊ ಹೋಗಿತ್ತು.

ನನ್ನ ಮಗಳಿಗೂ ಇದೇ ಇಸುಬು, ಆ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ, ಇವತ್ತು ಬರೆದುಬಿಡ್ತೀನಿ. ಇದೇ ಥರದ ಟ್ಯೂಬನ್ನು ನಾನೂ ಹಚ್ಚಿದ್ದೆ. ಒಂದೆರಡು ದಿನ ಅಲ್ಲ, ಏಳು ತಿಂಗಳು. ಯಾರೂ ಬರೆದುಕೊಟ್ಟಿರಲಿಲ್ಲ. ಹಚ್ಚಿದ ಮೂರನೇ ದಿನಕ್ಕೆ ಮೊಣಕೈ ಸಂದು ನುಣ್ಣಗಾಯಿತು, ಅವಳು ರಾತ್ರಿ ಪೂರ್ತಿ ನಿದ್ದೆ ಮಾಡಿದಳು, ಆ ಟ್ಯೂಬನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೆ ಒತ್ತಿಕೊಂಡಿದ್ದೆ. ಬಿಟ್ಟ ವಾರಕ್ಕೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಮತ್ತೆ ಹಚ್ಚಿದೆ. ಖಾಲಿ ಟ್ಯೂಬ್ ಮನೆಯವರಿಗೆ ಕಾಣದ ಹಾಗೆ ಪೇಪರಿನಲ್ಲಿ ಸುತ್ತಿ ಎಸೆಯುತ್ತಿದ್ದೆ. ಕೊನೆಗೆ ಆ ಸಂದಿನ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿ, ಒಳಗಿನ ನೀಲಿ ನರ ಎಣಿಸಬಹುದಿತ್ತು. ಅವಳ ಗಾಜಿನ ಬಳೆ ತಾಗಿದರೂ ಕಂದುತ್ತಿತ್ತು. ಚರ್ಮದ ಡಾಕ್ಟರು ಕೈಯನ್ನು ಬೆಳಕಿಗೆ ಹಿಡಿದು ನೋಡಿ "ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ?" ಅಂತ ಕೇಳಿದಾಗ ನಾನು ಹದಿನೈದು ದಿನ ಅಂತ ಸುಳ್ಳು ಹೇಳಿದೆ. ಮಗಳ ಎದುರಿಗೇ. ಇಂದಿಗೂ ಅದು ನೆನಪಾದರೆ ಊಟ ಸೇರಲ್ಲ.

ಅದಕ್ಕೇ ಇವತ್ತು ಆ ಟ್ಯೂಬ್ ನೋಡಿ ನನಗೆ ಇಷ್ಟು ಸಿಟ್ಟು.

2018ರ ಮಾರ್ಚ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಹೆಸರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್ ನಿಯಮ ಬಿಗಿ ಮಾಡಿತು. ದೇಶದ ಚರ್ಮವೈದ್ಯರ ಸಂಘ ಅದಕ್ಕೂ ಮೊದಲಿಂದ ಬಾಯಿ ಬಡಿದುಕೊಳ್ಳುತ್ತಲೇ ಇದೆ. ಚಿಕ್ಕ ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಹಚ್ಚಿದ್ದು ರಕ್ತಕ್ಕೆ ಬೇಗ ಸೇರುತ್ತೆ. ಡಯಾಪರ್ ಒಳಗೆ ಹಚ್ಚಿದರಂತೂ ಪ್ಲಾಸ್ಟಿಕ್ ಸುತ್ತಿದ ಹಾಗೆ, ಇನ್ನೂ ಹೆಚ್ಚು ಇಳಿಯುತ್ತೆ. ತಿಂಗಳುಗಟ್ಟಲೆ ಹಾಗೇ ಹಚ್ಚಿ ಮುಖ ಊದಿ ಗುಂಡಗಾಗಿ, ಮೈಯಲ್ಲಿ ತಾನಾಗಿ ಹುಟ್ಟಬೇಕಾದ ಹಾರ್ಮೋನೇ ಕುಗ್ಗಿದ ಕೂಸುಗಳಿವೆ. ಇಷ್ಟೆಲ್ಲ ಇದ್ದೂ ನಮ್ಮ ದಾವಣಗೆರೆಯಲ್ಲಿ ಅದು ಕೊಬ್ಬರಿ ಎಣ್ಣೆಗಿಂತ ಸಲೀಸಾಗಿ ಸಿಗುತ್ತೆ.

ಈಗ ಒಂದು ಮಾತು ಬರುತ್ತೆ ಅಂತ ಗೊತ್ತು. "ನೀವು ಟೀಚರಮ್ಮ, ರಜೆ ಹಾಕಿ ಡಾಕ್ಟರ ಹತ್ತಿರ ಹೋಗ್ತೀರಿ. ಮಂಡಕ್ಕಿ ಭಟ್ಟಿಗೆ ಹೋಗೋ ಹೆಣ್ಮಗಳು ದಿನದ ಕೂಲಿ ಬಿಟ್ಟು ಹೋಗೋಕಾಗುತ್ತಾ?" ಕೂಲಿ ಹೋಗುತ್ತೆ, ಒಪ್ತೀನಿ. ಆದರೆ ಅವಳಿಗೆ ಗತಿ ಇಲ್ಲ ಅನ್ನೋದು ಅತಿ ತೀಕ್ಷ್ಣ ಔಷಧಿಯನ್ನು ಕೂಸಿನ ಮುಖಕ್ಕೆ ಬಳಿಯೋಕೆ ಕಾರಣ ಆಗಲ್ಲ. ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಪೆಟ್ರೋಲಿಯಂ ಜೆಲ್ಲಿ ಇತ್ತು. "ಮೊದಲು ಇದನ್ನ ಹಚ್ಚವ್ವ, ಒಮ್ಮೆ ಚಿಗಟೇರಿ ಸರ್ಕಾರಿ ಆಸ್ಪತ್ರೇಲಿ ತೋರಿಸು" ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು?

ಎಸ್ಜಿಮಾ, ಅಂದರೆ ನಾವು ಇಸುಬು ಅನ್ನೋದು, ಒಂದು ಟ್ಯೂಬಿಗೆ ಮುಗಿಯುವ ಕಾಯಿಲೆ ಅಲ್ಲ. ಇದು ಒಳಕ್ಕೆ ಇಳಿಯೋಕೆ ನನಗೇ ಮೂರು ವರ್ಷ ಬೇಕಾಯಿತು. ಇದು ಹುಳುಕಡ್ಡಿಯೂ ಅಲ್ಲ, ಕಜ್ಜಿಯೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ಚರ್ಮದ ಮೇಲ್ಪದರ ತನ್ನ ತೇವ ಹಿಡಿದಿಟ್ಟುಕೊಳ್ಳಲಾರದು, ಒಳಗಿನ ನೀರು ಆರಿಹೋಗುತ್ತೆ, ಹೊರಗಿನ ಧೂಳು, ಸೋಪು, ಕ್ರಿಮಿ ಒಳಗಿಳಿದು ಉರಿ ಎಬ್ಬಿಸುತ್ತವೆ. ಉರಿಗೆ ತುರಿಕೆ, ತುರಿಕೆಗೆ ಕೆರೆತ, ಕೆರೆದರೆ ಚರ್ಮ ಮತ್ತಷ್ಟು ಒಡೆಯುತ್ತೆ. ಈ ಮೇಲ್ಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಅನ್ನೋ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದರೆ ಎಸ್ಜಿಮಾ ಬರುವ ಸಾಧ್ಯತೆ ಬಹಳ ಹೆಚ್ಚು ಅಂತ 2006ರಲ್ಲಿ ಕಂಡುಹಿಡಿದರು. ಹುಟ್ಟಿನಿಂದ ಬಂದ ಚರ್ಮದ ಗುಣ. ನಾಗದೋಷ ಅಲ್ಲ, ಬಸುರಿಯಲ್ಲಿ ತಾಯಿ ಏನೋ ತಿಂದದ್ದರಿಂದ ಬಂದದ್ದೂ ಅಲ್ಲ. ನನ್ನ ಅತ್ತೆಯವರು ಮೂರು ವರ್ಷ ನನ್ನ ತಟ್ಟೆಯಿಂದ ಬದನೆಕಾಯಿ, ಶೇಂಗಾ ಎಲ್ಲ ನಂಜು ಅಂತ ತೆಗೆಸಿದ್ದರು. ಮಗಳಿಗೆ ಮೊಟ್ಟೆ, ಹಾಲೂ ನಿಂತುಹೋಗಿತ್ತು. ತುರಿಕೆ ಇಳಿಯಲಿಲ್ಲ, ಮಗು ಮಾತ್ರ ತೂಕ ಇಳಿಯಿತು. ಕೆಲವು ಮಕ್ಕಳಿಗೆ ನಿಜವಾಗಿ ಆಹಾರದ ಅಲರ್ಜಿ ಇರುತ್ತೆ, ಅದನ್ನು ಡಾಕ್ಟರು ನೋಡಿ ಹೇಳಬೇಕು. ಪಕ್ಕದ ಮನೆಯವರು ಹೇಳಿದ್ದಕ್ಕೆಲ್ಲ ಮಗುವಿನ ಬಾಯಿ ಕಟ್ಟಬೇಡಿ.

ಹಾಗಾದರೆ ನಮ್ಮ ಮನೆಯಲ್ಲಿ ಇಳಿದದ್ದು ಯಾವುದರಿಂದ? ಸ್ನಾನದಿಂದ ಮತ್ತು ಚರ್ಮದ ತೇವ ಕಾಯುವ ಮಾಯಿಶ್ಚರೈಸರ್ ಹಚ್ಚುವುದರಿಂದ, ದಿನಾ, ಒಂದು ದಿನವೂ ತಪ್ಪದೆ.

ನಮ್ಮ ಕಡೆ ಎಳೆಗೂಸಿಗೆ ನೀರು ಹಾಕೋದು ನಿಮಗೇ ಗೊತ್ತು. ಹಂಡೆಯಿಂದ ಹಬೆಯಾಡುವ ನೀರು, ಮೈ ಕೆಂಪಾಗೋವರೆಗೆ ಹುಯ್ಯಬೇಕು, ಕಡಲೆಹಿಟ್ಟು ಹಾಕಿ ತಿಕ್ಕಬೇಕು, ಆಮೇಲೆ ಪೌಡರ್. ಎಸ್ಜಿಮಾ ಇರುವ ಚರ್ಮಕ್ಕೆ ಇದರಲ್ಲಿ ಒಂದೂ ಆಗಿಬರಲ್ಲ. ಬಿಸಿನೀರು ಇದ್ದ ಜಿಡ್ಡನ್ನೂ ತೊಳೆಯುತ್ತೆ, ತಿಕ್ಕಿದರೆ ಗಾಯ, ಪೌಡರ್ ಇನ್ನಷ್ಟು ಒಣಗಿಸುತ್ತೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಸಾಕು. ಮಾಮೂಲಿ ಸೋಪು ಕ್ಷಾರ, ಚರ್ಮ ತುಸು ಹುಳಿ ಗುಣದ್ದು, ಅದಕ್ಕೇ ಒಗ್ಗಲ್ಲ. ವಾಸನೆ ಇಲ್ಲದ ಸೌಮ್ಯ ಸೋಪು, ಅದೂ ಕಂಕುಳು, ತೊಡೆಸಂದು, ಕೊಳೆಯಾದ ಕಡೆ ಮಾತ್ರ. ನಮ್ಮ ಬಡಾವಣೆಯ ಬೋರ್ ನೀರು ನೋಡಿದ್ದೀರಲ್ಲ, ಬಕೆಟ್ ಅಂಚಿಗೆ ಸುಣ್ಣದ ಪಟ್ಟೆ ಕಟ್ಟುತ್ತೆ. ಆ ನೀರಲ್ಲಿ ಸೋಪು ಮೈಗೇ ಅಂಟಿ ಉಳಿಯುತ್ತೆ, ಕೊನೆಗೆ ಎರಡು ಚೊಂಬು ಹೆಚ್ಚಿಗೆ ಹಾಕಿ ಮೈ ತೊಳೆಯಿರಿ. ಹಾಗಂತ ನೀರು ಮೆದು ಮಾಡುವ ಮಷಿನ್‌ಗೆ ಸಾಲ ಮಾಡಬೇಡಿ. ಇಂಗ್ಲೆಂಡಿನಲ್ಲಿ ಎಸ್ಜಿಮಾ ಇದ್ದ ಮಕ್ಕಳ ಮನೆಗೆ ಅದನ್ನು ಕೂಡಿಸಿ ಪ್ರಯೋಗ ಮಾಡಿದ್ದರು. 2011ರಲ್ಲಿ ಫಲಿತಾಂಶ ಬಂತು, ಕಾಯಿಲೆ ಅದರಿಂದ ಇಳಿಯಲಿಲ್ಲ.

ಮೈ ಒರೆಸೋದೂ ಒಂದು ಕೆಲಸವೇ. ಟವೆಲಿನಿಂದ ಉಜ್ಜಬೇಡಿ, ಹಳೇ ಪಂಚೆಯಿಂದ ಒತ್ತಿ ಒತ್ತಿ ತೆಗೀರಿ. ಚರ್ಮ ಇನ್ನೂ ಹಸಿ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಬೇಕು. ನಾನು ಮಗಳನ್ನು ಬಚ್ಚಲಲ್ಲೇ ಮಣೆ ಮೇಲೆ ಕೂರಿಸಿ, ಬಾಗಿಲು ತೆಗೆಯುವ ಮೊದಲೇ ಹಚ್ಚಿ ಮುಗಿಸುತ್ತೇನೆ. ಬೊಟ್ಟಿನಷ್ಟು ಅಲ್ಲ. ಅಂಗೈ ತುಂಬ ತಗೊಂಡು, ಕೂದಲು ಮಲಗಿದ ದಿಕ್ಕಿಗೆ ಮೇಲಿನಿಂದ ಕೆಳಗೆ, ಮೈ ಮಿನುಗಬೇಕು. ಮೈತುಂಬ ಎಸ್ಜಿಮಾ ಇರುವ ಮಗುವಿಗೆ ವಾರಕ್ಕೆ ಕಾಲು ಕೆಜಿ ಖರ್ಚಾದರೂ ತಪ್ಪಿಲ್ಲ. ಕೇಳಿ ಗಾಬರಿಯಾಗಬೇಡಿ, ದುಬಾರಿಯದೇ ಬೇಕಿಲ್ಲ. ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ನಾಲ್ಕನ್ನೂ 550 ಮಕ್ಕಳಿಗೆ ಹಂಚಿ ನೋಡಿದ ಅಧ್ಯಯನ 2022ರಲ್ಲಿ ಬಂತು. ಒಂದು ಇನ್ನೊಂದಕ್ಕಿಂತ ಹೆಚ್ಚು ಕೆಲಸ ಮಾಡಲಿಲ್ಲ. ನಿಮ್ಮ ಮಗು ತಕರಾರಿಲ್ಲದೆ ಹಚ್ಚಿಸಿಕೊಳ್ಳುವುದು, ನಿಮ್ಮ ಕೈಗೆಟಕುವುದು, ಅದೇ ಒಳ್ಳೇದು. ಸಂಕ್ರಾಂತಿ ಹೊತ್ತಿನ ಈ ಒಣಹವೆಗೆ ಪೆಟ್ರೋಲಿಯಂ ಜೆಲ್ಲಿ ಚೆನ್ನ. ಏಪ್ರಿಲ್ ಬಿಸಿಲಿಗೆ ಅದೇ ಜೆಲ್ಲಿ ಬೆವರು ಕಟ್ಟಿ ತುರಿಕೆ ಎಬ್ಬಿಸುತ್ತೆ, ಆಗ ತೆಳು ಕ್ರೀಮ್. ಅಪ್ಪಟ ಕೊಬ್ಬರಿ ಎಣ್ಣೆ ಬಹಳ ಮಕ್ಕಳಿಗೆ ಒಗ್ಗುತ್ತೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡವೇ ಬೇಡ, ಅರೆದ ಬೇವಿನಸೊಪ್ಪನ್ನು ಒಡೆದ ಚರ್ಮಕ್ಕೆ ಮೆತ್ತೋದೂ ಬೇಡ.

ಚಳಿಗೆ ನಮ್ಮಜ್ಜಿ ಚಳ್ಳಕೆರೆ ಕಂಬಳಿ ಹೊದಿಸುತ್ತಿದ್ದರು. ಪ್ರೀತಿಯಿಂದಲೇ. ಆದರೆ ಆ ಉಣ್ಣೆಯ ಎಳೆ ಚುಚ್ಚಿ ರಾತ್ರಿಯಿಡೀ ಮಗಳು ಕೆರೆದುಕೊಳ್ಳೋಳು. ಈಗ ಮೈಗೆ ತಾಗುವ ಹಾಗೆ ಹತ್ತಿಯ ಪಂಚೆ, ಅದರ ಮೇಲೆ ಅಜ್ಜಿಯ ಕಂಬಳಿ. ಉಗುರು ವಾರಕ್ಕೆರಡು ಸಲ ಕತ್ತರಿಸುತ್ತೇನೆ.

ಇಷ್ಟು ಓದಿ ಯಾರಾದರೂ ಸ್ಟಿರಾಯ್ಡ್ ಅಂದರೆ ವಿಷ ಅಂತ ಡಾಕ್ಟರು ಬರೆದುಕೊಟ್ಟದ್ದನ್ನೂ ಬಿಸಾಡಿದರೆ ಅದು ನನ್ನ ತಪ್ಪಾಗುತ್ತೆ. ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ ನಾನೂ ಅದನ್ನೇ ಮಾಡಿದೆ, ಎಲ್ಲ ಬಿಟ್ಟೆ, ಮಗಳ ಕೈ ಕೀವು ಕಟ್ಟಿತು. ಉರಿ ಎದ್ದಾಗ ಸ್ಟಿರಾಯ್ಡ್ ಬೇಕೇ ಬೇಕು. ಯಾವ ಬಲದ್ದು, ಯಾವ ಜಾಗಕ್ಕೆ, ಎಷ್ಟು ದಿನ ಅನ್ನೋದನ್ನು ಮಗುವನ್ನು ಮುಟ್ಟಿ ನೋಡಿದವರು ಹೇಳಬೇಕು. ಅಳತೆಯನ್ನು ನಮ್ಮ ಡಾಕ್ಟರು ತಮ್ಮ ಬೆರಳ ಮೇಲೇ ತೋರಿಸಿಕೊಟ್ಟರು. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಇದನ್ನು ಹೇಳೋಕೆ ಅವರಿಗೆ ಹಿಡಿದದ್ದು ಒಂದೇ ನಿಮಿಷ. ಏಳು ತಿಂಗಳು ಟ್ಯೂಬ್ ಮಾರಿದವರು ಆ ಒಂದು ನಿಮಿಷ ನನಗೆ ಕೊಟ್ಟಿರಲಿಲ್ಲ.

ಹಳದಿ ಹಕ್ಕಳೆ ಕಟ್ಟಿದರೆ, ನೀರು ಸೋರಿದರೆ, ಜ್ವರದ ಜೊತೆ ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಎದ್ದರೆ ಮನೆಮದ್ದು, ಟ್ಯೂಬು ಎರಡನ್ನೂ ಬಿಟ್ಟು ಅವತ್ತೇ ಆಸ್ಪತ್ರೆಗೆ ಓಡಿ.

ಮಗಳಿಗೆ ಈಗ ಒಂಬತ್ತು. ಪೂರ್ತಿ ಹೋಗಿಲ್ಲ, ಚಳಿಗಾಲಕ್ಕೆ ಮೊಣಕಾಲ ಹಿಂದೆ ಒಂದು ಪಟ್ಟಿ ಕೆಂಪಾಗುತ್ತೆ. ಈಗ ಅವಳೇ ಡಬ್ಬಿ ತಗೊಂಡು ಕೂತು ಹಚ್ಚಿಕೊಳ್ಳುತ್ತಾಳೆ.

ಆ ಹುಡುಗಿ ಆಟೊದವರಿಗೆ "ನಿಟುವಳ್ಳಿ" ಅಂದದ್ದು ಕಿವಿಗೆ ಬಿತ್ತು. ಆ ಕಡೆ ಇರೋರು, ಕೆಂಪು ಕುಲಾವಿ ಹಾಕಿದ ಹತ್ತು ತಿಂಗಳ ಗಂಡುಕೂಸು, ಕೆನ್ನೆ ಎರಡೂ ಒಡೆದಿದೆ, ಎಲ್ಲಾದರೂ ಕಂಡರೆ ಅವರ ಮನೆಯವರಿಗೆ ದಯವಿಟ್ಟು ತಿಳಿಸಿ. ಟ್ಯೂಬ್ ಒಂದೆರಡು ಸಲ ಹಚ್ಚಿದ್ದರೆ ಗಾಬರಿ ಬೇಡ, ಅದನ್ನೇ ಕೈಯಲ್ಲಿ ಹಿಡಿದುಕೊಂಡು ಚಿಗಟೇರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಲಿ. ಒಬ್ಬಳೇ ಹೋಗೋಕೆ ಅವಳಿಗೆ ಹಿಂಜರಿಕೆ ಆದರೆ ನನಗೆ ಮೆಸೇಜ್ ಮಾಡಿ. ಶನಿವಾರ ಅರ್ಧ ದಿನ ಶಾಲೆ, ನಾನೇ ಜೊತೆಗೆ ಹೋಗ್ತೀನಿ.